ಗೇಟು ತೆರೆಯುತ್ತದೆ, ಮುಚ್ಚವಲ್ದು

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಹೊಸ ಬಡಾವಣೆಗಳಲ್ಲಿ ಮೋಟಾರ್ ಗೇಟು ಈಗ ಅಲ್ಲಲ್ಲಿ ಕಾಣುತ್ತದೆ. ಕಾರಿನ ಶೆಡ್ಡಿಗೆ, ಅಂಗಡಿಗೆ ಮೋಟಾರ್ ಶಟರ್ ಹಾಕಿಸಿದವರೂ ಇದ್ದಾರೆ. ಹಾಕಿಸಿಕೊಂಡವರ ದೂರು ಬಹುಮಟ್ಟಿಗೆ ಒಂದೇ: ‘ಗೇಟ್ ತೆರಿತೈತ್ರೀ, ಮುಚ್ಚವಲ್ದು.’ ಮೋಟಾರ್ ಸುಟ್ಟಿರಬೇಕು, ಬೋರ್ಡ್ ಹೋಗಿರಬೇಕು ಎಂದು ಗಾಬರಿಯಾಗಿ ರಾಯಚೂರಿನಿಂದ ಮೆಕ್ಯಾನಿಕ್ ಕರೆಸುವ ಮೊದಲು, ಗೇಟಿನ ಎರಡೂ ಬದಿಯ ಕಂಬಗಳಲ್ಲಿ ಎದುರುಬದುರಾಗಿ ಕೂತಿರುವ ಪುಟ್ಟ ಡಬ್ಬಿಗಳನ್ನು ನೋಡಿ. ಅವೇ ಸುರಕ್ಷತಾ ಸೆನ್ಸರ್‌ಗಳು. ಎರೆಭೂಮಿಯ ಊರುಗಳಲ್ಲಿ ಅವು ಕೆಡುವುದಕ್ಕಿಂತ ದಿಕ್ಕು ತಪ್ಪುವ ಸಂಭವವೇ ಹೆಚ್ಚು.

ಒಂದು ಡಬ್ಬಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಬಿಡುತ್ತದೆ, ಎದುರಿನದು ಅದನ್ನು ಹಿಡಿಯುತ್ತದೆ. ನಡುವೆ ಮಗು, ಕುರಿ, ಸ್ಕೂಟರ್ ಏನೇ ಅಡ್ಡ ಬಂದರೂ ಬೆಳಕು ಕಡಿದು ಗೇಟು ಮುಚ್ಚುವುದು ನಿಲ್ಲುತ್ತದೆ. ತೆರೆಯುವಾಗ ಸಿಕ್ಕಿಕೊಳ್ಳುವ ಭಯ ಕಡಿಮೆ ಎಂದು ಆ ಕಡೆಗೆ ಸಾಮಾನ್ಯವಾಗಿ ಅಡ್ಡಿ ಇಟ್ಟಿರುವುದಿಲ್ಲ. ಬೆಳಕು ಗುರಿ ತಪ್ಪಿದರೂ ಯಂತ್ರಕ್ಕೆ ಯಾರೋ ಅಡ್ಡ ನಿಂತಂತೆಯೇ ಲೆಕ್ಕ. ಅಮೆರಿಕದಲ್ಲಿ ಗ್ಯಾರೇಜ್ ಬಾಗಿಲಿನ ಅಡಿ ಸಿಕ್ಕಿ ಮಕ್ಕಳು ಸತ್ತ ಮೇಲೆ, 1993ರ ಜನವರಿಯಿಂದ ತಯಾರಾಗುವ ಮನೆಬಳಕೆಯ ಬಾಗಿಲು ಮೋಟಾರುಗಳಿಗೆ ಇಂಥದೊಂದು ರಕ್ಷಣೆ ಕಡ್ಡಾಯವಾಯಿತು. ಅಲ್ಲಿ ಸೆನ್ಸರನ್ನು ನೆಲದಿಂದ ಆರು ಇಂಚಿಗಿಂತ ಮೇಲೆ ಕೂರಿಸುವುದಿಲ್ಲ, ತೆವಳುವ ಕೂಸೂ ತಪ್ಪಬಾರದೆಂದು.

ಮೊದಲು ಕಳ್ಳನನ್ನು ಹಿಡಿಯಿರಿ

ಗೇಟು ಮುಚ್ಚಲು ಹೊರಡುವುದೇ ಇಲ್ಲವೆಂದರೆ ಅನುಮಾನ ಸೆನ್ಸರ್ ಮೇಲೆ. ಹೊರಟು, ಪ್ರತಿ ಸಲ ಒಂದೇ ಜಾಗದಲ್ಲಿ ನಿಂತು ವಾಪಸ್ ಹೋದರೆ ಹಳಿಯಲ್ಲಿ ಕಲ್ಲೋ ಒಣಗಿದ ಕೆಸರೋ ಕೂತಿದೆ. ಸಲಿಕೆ ಹಿಡಿದು ಹಳಿ ಸ್ವಚ್ಛ ಮಾಡಿ, ಸೆನ್ಸರ್ ಗೊಡವೆ ಬೇಡ. ಮಧ್ಯಾಹ್ನ ಸರಿಯಿದ್ದು ಸಂಜೆ ಮಾತ್ರ ಹಠ ಹಿಡಿದರೆ ಬಿಸಿಲಿನ ಕೈವಾಡ, ಅದಕ್ಕೆ ಮುಂದೆ ಬರುತ್ತೇನೆ. ಎರಡೂ ಡಬ್ಬಿಗಳಲ್ಲಿ ದೀಪವೇ ಇಲ್ಲವೆಂದರೆ ಕರೆಂಟ್ ತಲುಪುತ್ತಿಲ್ಲ. ಭತ್ತದ ಸೀಮೆಯಲ್ಲಿ ಇಲಿ, ಹೆಗ್ಗಣಗಳಿಗೆ ಬರವಿಲ್ಲ. ನೆಲದೊಳಗಿನ ವೈರ್ ಅವುಗಳ ಹಲ್ಲಿಗೆ ಸಿಕ್ಕಿರಬಹುದು.

ಇವೇನೂ ಅಲ್ಲವೆಂದಾದರೆ ಒರೆಸುವ ಕೆಲಸ. ಸುಗ್ಗಿಯ ದೂಳು, ರೈಸ್‌ಮಿಲ್ ಹತ್ತಿರದವರಿಗೆ ಹೊಟ್ಟಿನ ದೂಳು, ಜೇಡರ ಬಲೆ, ಕುಂಬಾರ ಹುಳು ಕಟ್ಟಿದ ಮಣ್ಣಿನ ಗೂಡು, ಇಷ್ಟರಲ್ಲಿ ಯಾವುದಾದರೂ ಸಾಕು ಬೆಳಕು ಮಂಕಾಗಲು. ಮೆತ್ತನೆಯ ಬಟ್ಟೆಯನ್ನು ತುಸು ಒದ್ದೆ ಮಾಡಿ ಗಾಜನ್ನು ಒರೆಸಿ. ಸೀಮೆಎಣ್ಣೆ, ಥಿನ್ನರ್ ಬೇಡ, ಪ್ಲಾಸ್ಟಿಕ್ ಗಾಜು ಮಬ್ಬಾಗುತ್ತದೆ. ಎಷ್ಟೋ ಸಲ ಕಥೆ ಇಲ್ಲಿಗೇ ಮುಗಿಯುತ್ತದೆ.

ನೆಲ ಸರಿದರೆ ಕಂಬವೂ ಸರಿಯುತ್ತದೆ

ಮುಗಿಯದಿದ್ದರೆ ಕಂಬವನ್ನು ನೋಡಬೇಕು. ಮಸ್ಕಿಯಲ್ಲಿ ಅಶೋಕನ ಶಾಸನವಿರುವ ಬಂಡೆಯಂಥ ನೆಲದ ಮೇಲೆ ಎಲ್ಲರ ಕಂಬವೂ ನಿಂತಿದ್ದರೆ ಈ ಲೇಖನವೇ ಬೇಕಿರಲಿಲ್ಲ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸಿಂಧನೂರು ಕಡೆ ಗದ್ದೆ ಪಕ್ಕದ ನಿವೇಶನಗಳಿಗೆ ಮಳೆಗಾಲ ಮುಗಿದರೂ ತೇವ ತಪ್ಪುವುದಿಲ್ಲ. ಮನೆಗೆ ಆಳವಾದ ಪಾಯ ತೋಡಿಸುವವರು ಗೇಟಿನ ಕಂಬಕ್ಕೆ ಎರಡಡಿ ಸಾಕು ಎಂದುಬಿಡುತ್ತಾರೆ. ಮನೆ ನಿಲ್ಲುತ್ತದೆ, ಕಂಬ ವಾಲುತ್ತದೆ. ಹನ್ನೆರಡು ಅಡಿಯ ಗೇಟಿನಲ್ಲಿ ಒಂದು ಕಂಬ ಒಂದೇ ಡಿಗ್ರಿ ವಾಲಿದರೂ ಬೆಳಕು ಎದುರು ಬದಿಯಲ್ಲಿ ಸುಮಾರು ಎರಡೂವರೆ ಇಂಚು ಮೇಲೆಯೋ ಕೆಳಗೋ ಹೋಗಿ ಬೀಳುತ್ತದೆ. ಗಟ್ಟಿ ಮಸಾರಿ ನೆಲದಲ್ಲಿ ಕಟ್ಟಿದವರಿಗೆ ಈ ಕಾಟ ಕಡಿಮೆ; ಅವರ ಕಂಬಕ್ಕೆ ಎಮ್ಮೆ ಮೈ ಉಜ್ಜದಂತೆ ನೋಡಿಕೊಂಡರೆ ಸಾಕು.

ಸರಿಪಡಿಸಲು ಬೇಕಾದದ್ದು ಸ್ಟಾರ್ ಸ್ಕ್ರೂಡ್ರೈವರ್, ಗೌಂಡಿಯ ದಾರ ಮತ್ತು ಲೆವೆಲ್ ಪೈಪ್. ಮೋಟಾರಿನ ಮೇನ್ ಸ್ವಿಚ್ ಆರಿಸಿ. ರಿಮೋಟ್ ನಿಮ್ಮ ಜೇಬಿನಲ್ಲಿರಲಿ, ಮಕ್ಕಳ ಕೈಯಲ್ಲಿ ಬೇಡ. ಡಬ್ಬಿಯ ಮುಚ್ಚಳ ಬಿಚ್ಚಿದರೆ ಒಳಗಿನ ವೈರುಗಳ ಫೋಟೊ ತೆಗೆದಿಟ್ಟುಕೊಳ್ಳಿ. ಲೆವೆಲ್ ಪೈಪಿನಲ್ಲಿ ನೀರು ತುಂಬಿ, ಗುಳ್ಳೆ ಇಲ್ಲದಂತೆ ನೋಡಿ, ಎರಡು ತುದಿಗಳನ್ನು ಎರಡು ಸೆನ್ಸರ್ ಪಕ್ಕ ಹಿಡಿಯಿರಿ. ಎರಡೂ ಗಾಜುಗಳ ನಡುಮಧ್ಯ ನೀರಿನ ಮಟ್ಟಕ್ಕೆ ಬರಬೇಕು. ಬಂದಿಲ್ಲದಿದ್ದರೆ ತಗ್ಗಿದ ಬದಿಯ ಕ್ಲಾಂಪ್ ಸಡಿಲಿಸಿ ಏರಿಸಿ. ಆಮೇಲೆ ದಾರವನ್ನು ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಬಿಗಿಯಾಗಿ ಎಳೆದು ಕಟ್ಟಿ. ಗಾಜು ದಾರಕ್ಕೆ ನೇರ ಮುಖ ಮಾಡಿದೆಯೇ, ಓರೆಯಾಗಿದೆಯೇ ಎಂಬುದು ಕಣ್ಣಿಗೇ ಕಾಣುತ್ತದೆ.

ದಾರ ತೆಗೆದು ಸ್ವಿಚ್ ಹಾಕಿ. ಹಿಡಿಯುವ ಕಡೆಯ ಡಬ್ಬಿಯನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸುತ್ತ ದೀಪ ನೋಡಿ. ಹೆಚ್ಚಿನ ಮಾದರಿಗಳಲ್ಲಿ ದೀಪ ಮಿಟುಕದೆ ಸ್ಥಿರವಾಗಿ ಉರಿದರೆ ಗುರಿ ಕೂಡಿದಂತೆ. ಕೆಲವದರಲ್ಲಿ ಉಲ್ಟಾ, ಕೈಪಿಡಿ ನೋಡಿಕೊಳ್ಳಿ. ಬೆಳಕು ಬಿಡುವ ಡಬ್ಬಿ ಬದುಕಿದೆಯೇ ಎಂಬ ಅನುಮಾನವಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ಅದನ್ನು ನೋಡಿ. ಕೆಲವು ಫೋನುಗಳಲ್ಲಿ ನೇರಳೆ ಚುಕ್ಕೆ ಕಾಣುತ್ತದೆ. ನಿಮ್ಮ ಫೋನಿಗೆ ಆ ಶಕ್ತಿ ಇದೆಯೇ ಎಂದು ಮೊದಲು ಟಿ.ವಿ. ರಿಮೋಟ್ ಒತ್ತಿ ಪರೀಕ್ಷಿಸಿ. ಕೆಲಸ ಕೆಡುವುದು ಸ್ಕ್ರೂ ಬಿಗಿಯುವಾಗ: ಬಿಗಿಯುತ್ತಿದ್ದಂತೆ ಡಬ್ಬಿಯೂ ತಿರುಗುತ್ತದೆ. ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದು, ದೀಪದ ಮೇಲೆ ಕಣ್ಣಿಟ್ಟು, ಮೆಲ್ಲಗೆ ಬಿಗಿಯಿರಿ. ಹೊಸದಾಗಿ ಕೂರಿಸುವವರು ಕ್ಲಾಂಪಿನ ಉದ್ದ ತೂತಿನ ನಡುವೆ ಸ್ಕ್ರೂ ಬರುವಂತೆ ನೋಡಿಕೊಂಡರೆ, ಮಳೆಗಾಲಕ್ಕೊಮ್ಮೆ ಬೇಸಿಗೆಗೊಮ್ಮೆ ಆಚೀಚೆ ಸರಿಸಲು ಜಾಗ ಉಳಿಯುತ್ತದೆ.

ಇನ್ನು ಬಿಸಿಲು. ಮನೆ ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಿದ್ದರೆ ಬೆಳಕಿನ ಗೆರೆ ಪೂರ್ವ-ಪಶ್ಚಿಮವಾಗಿ ಹಾಯುತ್ತದೆ. ಹಿಡಿಯುವ ಡಬ್ಬಿ ಪೂರ್ವದ ಕಂಬದಲ್ಲಿದ್ದರೆ ಮುಳುಗುವ ಸೂರ್ಯ ನೇರ ಅದರ ಮುಖಕ್ಕೆ ಹೊಡೆದು, ಎದುರಿನ ಸಣ್ಣ ಬೆಳಕು ಅದಕ್ಕೆ ಕಾಣದಂತಾಗುತ್ತದೆ. ಪಿ.ವಿ.ಸಿ. ಪೈಪಿನ ಮೂರು-ನಾಲ್ಕು ಇಂಚಿನ ತುಂಡನ್ನು ಗಾಜಿನ ಸುತ್ತ ಮೂತಿಯಂತೆ ಕೂರಿಸಿ. ಸಾಲದಿದ್ದರೆ ಮೆಕ್ಯಾನಿಕ್ ಬಂದಾಗ ಎರಡು ಡಬ್ಬಿಗಳ ಜಾಗ ಅದಲುಬದಲು ಮಾಡಿಸಿ.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಗೇಟು ಮುಚ್ಚುತ್ತಿರುವಾಗ ಖಾಲಿ ರಟ್ಟಿನ ಪೆಟ್ಟಿಗೆಯೊಂದನ್ನು ಉದ್ದನೆಯ ಕೋಲಿನಿಂದ ಬೆಳಕಿನ ಗೆರೆಗೆ ತಳ್ಳಿ. ಕೈ, ಕಾಲು ಒಡ್ಡಬೇಡಿ. ಗೇಟು ತಕ್ಷಣ ನಿಲ್ಲಬೇಕು ಅಥವಾ ಹಿಂದೆ ಸರಿಯಬೇಕು. ತಿಂಗಳಿಗೊಮ್ಮೆ ಇದನ್ನು ಮಾಡಿ. ಶಟರಿನ ಸ್ಪ್ರಿಂಗ್, ಮೋಟಾರಿನ 230 ವೋಲ್ಟ್ ಬದಿ ಮಾತ್ರ ಮುಟ್ಟಲೇಬೇಡಿ, ಅದು ಬಲ್ಲವರ ಕೆಲಸ. ಕ್ಲಾಂಪ್ ಎಷ್ಟು ತಿರುಗಿಸಿದರೂ ಗುರಿ ಕೂಡದಷ್ಟು ಕಂಬ ವಾಲಿದ್ದರೆ ಕರೆಯಬೇಕಾದದ್ದು ಗೌಂಡಿಯನ್ನು, ಎಲೆಕ್ಟ್ರಿಷಿಯನ್‌ನನ್ನಲ್ಲ.

‘ಸೆನ್ಸರ್ ತೆಗೆದು ಜಂಪರ್ ಹಾಕಿ ಕೊಡ್ತೀನ್ರೀ, ಮತ್ತ ತ್ರಾಸೇ ಇರಂಗಿಲ್ಲ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಸೆನ್ಸರ್ ಕೆಟ್ಟೇ ಹೋಗಿದ್ದರೆ, ಹೊಸ ಜೋಡಿ ಬರುವವರೆಗೆ ಕೀಲಿ ಹಾಕಿ ಮೋಟಾರಿನ ಹಿಡಿತ ಬಿಡಿಸಿ, ಗೇಟನ್ನು ಕೈಯಿಂದಲೇ ತಳ್ಳಿ.