ಬಾಗುವ ಮುನ್ನ ಸ್ವರ ಇಳಿಯುತ್ತೆ

ಪುಟ್ಟೀ,

ಭಾನುವಾರ ಫೋನಿನಲ್ಲಿ ನಿನ್ನ ದನಿ ಸಪ್ಪಗಿತ್ತು. ಕಾರ್ಬನ್ ನಾರಿನ ಪಟ್ಟಿಯ ಎರಡೂ ತುದಿ ಬಿಗಿದು ಪುಟ್ಟ ಸುತ್ತಿಗೆಯಲ್ಲಿ ತಟ್ಟಿದರೆ ಕಂಪ್ಯೂಟರ್ ಹೇಳುವ 40 ಹರ್ಟ್ಸ್ ಬರುತ್ತಿಲ್ಲ, 33 ಬರುತ್ತಿದೆ ಅಂದೆ. ಭಾರ ಹೇರುತ್ತಾ ಹೋದರೆ ಫ್ರೀಕ್ವೆನ್ಸಿ ಸೊನ್ನೆಗೆ ಇಳಿಯಬೇಕಿತ್ತು, ಅರ್ಧ ದಾರಿಯಲ್ಲಿ ತಿರುಗಿ ಮೇಲೆ ಹತ್ತಿತು ಅಂದೆ. "ಗೈಡ್‌ಗೆ ಯಾವ ಮುಖ ತೋರಿಸಲಿ ದೊಡ್ಡಪ್ಪಾ?" ಅಂತ ಕೇಳಿ ಫೋನ್ ಇಟ್ಟೆ. ಉತ್ತರ ಉದ್ದ, ಅದಕ್ಕೇ ಕಾಗದ.

ಮೊದಲನೇ ಮಾತು. ಕಂಪ್ಯೂಟರಿನೊಳಗಿನ ಅಂಕಿಗಳನ್ನು ತಿದ್ದಿ 33 ಬರಿಸಬೇಡ. ನಾನು ಆ ಕೆಲಸ ಮಾಡಿದವನು, ಅದಕ್ಕೆ ಹೇಳುತ್ತಿದ್ದೀನಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಲೆಕ್ಕಕ್ಕೂ ಅಳತೆಗೂ ಹೀಗೇ ತಾಳೆಯಾಗಲಿಲ್ಲ. ಹಲಗೆಯ ಬಿಗಿತವನ್ನೇ ಸ್ವಲ್ಪ ಕಡಿಮೆ ಹಾಕಿ ಹೊಂದಿಸಿ, ಗ್ರಾಫು ಚೆಂದ ಬಂತು ಅಂತ ಬೀಗಿದೆ. ವರ್ಕ್‌ಶಾಪಿನ ಹಿರಿಯ ಮೇಸ್ತ್ರಿ ಒಬ್ಬರು ಗ್ರಾಫನ್ನು ನೋಡಲೇ ಇಲ್ಲ. ಸೀದಾ ಹೋಗಿ ಸ್ಪ್ಯಾನರ್ ತಗೊಂಡು ಹಿಡಿಕೆಯ ಬೋಲ್ಟನ್ನು ಮುಕ್ಕಾಲು ಸುತ್ತು ತಿರುಗಿಸಿ, "ಈಗ ತಟ್ಟಿ ಸ್ವಾಮಿ" ಅಂದರು. ಸ್ವರ ಏರಿತು. ನನ್ನ ಎರಡು ವಾರದ ಜಾಣತನ ಆ ಮುಕ್ಕಾಲು ಸುತ್ತಿನಲ್ಲಿ ಕರಗಿಹೋಯಿತು.

ಲೆಕ್ಕದಲ್ಲಿ "ತುದಿ ಬಿಗಿ" ಅಂತ ಬರೆಯುವುದು ಸುಲಭ. ಕಬ್ಬಿಣದ ಹಿಡಿಕೆಗೆ ಅದು ಸುಲಭವಲ್ಲ, ಎಷ್ಟು ಬಿಗಿದರೂ ಕೂದಲೆಳೆಯಷ್ಟು ಸಡಿಲ ಉಳಿಯುತ್ತೆ. ಆ ಸಡಿಲದ ಬೆಲೆ ಎಷ್ಟು ಗೊತ್ತಾ? ತುದಿಗಳು ಬಾಗಿಲ ಕೀಲಿನ ಹಾಗೆ ತಿರುಗುವ ಪಟ್ಟಿಗಿಂತ ಪೂರ್ತಿ ಕಚ್ಚಿ ಹಿಡಿದ ಪಟ್ಟಿಯ ಮೊದಲ ಸ್ವರ ಸುಮಾರು ಎರಡೂಕಾಲು ಪಟ್ಟು ಹೆಚ್ಚು, ತಡೆಯುವ ಭಾರ 4 ಪಟ್ಟು ಹೆಚ್ಚು. ನಿನ್ನ ಪಟ್ಟಿ ಇವೆರಡರ ಮಧ್ಯೆ ಎಲ್ಲೋ ಇದೆ. 33 ಬಂದದ್ದರಲ್ಲಿ ಆಶ್ಚರ್ಯ ಏನೂ ಇಲ್ಲ.

ಹೊತ್ತನ್ನೂ ಬರೆದಿಡು. ಉಕ್ಕು ಕಾದರೆ ಹಿಗ್ಗುತ್ತೆ, ಕಾರ್ಬನ್ ನಾರು ಎಳೆಯುದ್ದಕ್ಕೆ ಹಿಗ್ಗುವುದೇ ಇಲ್ಲ ಅನ್ನಬೇಕು, ಒಂದಿಷ್ಟು ಕುಗ್ಗುತ್ತೆ ಕೂಡ. ಮಧ್ಯಾಹ್ನ ಲ್ಯಾಬ್ ಕಾದಾಗ ಉಕ್ಕಿನ ಚೌಕಟ್ಟು ದೊಡ್ಡದಾಗಿ ನಿನ್ನ ಪಟ್ಟಿಯನ್ನು ಎಳೆದು ಹಿಡಿಯುತ್ತೆ, ಸ್ವರ ಏರುತ್ತೆ. ಚೌಕಟ್ಟನ್ನು ಬಿಟ್ಟು ಗಾಜಿನ ನಾರಿನ ಹಲಗೆಯನ್ನು ಮಾತ್ರ ದೀಪ ಇಟ್ಟು ಕಾಯಿಸು, ಹಿಗ್ಗಲು ಜಾಗವಿಲ್ಲದೆ ತಾನೇ ಒತ್ತಡಕ್ಕೆ ಸಿಕ್ಕಿ ಸ್ವರ ಇಳಿಯುತ್ತೆ. ಯಾರೂ ಭಾರ ಹೇರದೆಯೇ ಭಾರ ಬಿದ್ದಿರುತ್ತೆ. ಬಿರುಬೇಸಿಗೆಯಲ್ಲಿ ರೈಲು ಹಳಿ ಸೊಟ್ಟಗಾಗುವುದೂ ಹೀಗೇ.

ಇನ್ನು ನಿನ್ನ ಎರಡನೇ ದುಃಖ, ಸೊನ್ನೆ ಮುಟ್ಟದ ಸ್ವರ. ನಿಮ್ಮಜ್ಜಿ ವೀಣೆ ಶ್ರುತಿ ಮಾಡುತ್ತಿದ್ದದ್ದು ನೆನಪಿದೆಯಲ್ಲ? ಬಿರಡೆ ತಿರುಗಿಸಿ ತಂತಿ ಎಳೆದಷ್ಟೂ ಸ್ವರ ಮೇಲೆ. ಒತ್ತಿದರೆ ಅದರ ತಿರುಗುಮುರುಗು. ಗಣಿತಜ್ಞ ಆಯ್ಲರ್ 1744ರಲ್ಲೇ ಕಂಬ ಎಷ್ಟು ಭಾರಕ್ಕೆ ಪಕ್ಕಕ್ಕೆ ಬಾಗುತ್ತೆ ಅಂತ ಲೆಕ್ಕ ಕೊಟ್ಟ. ಆ ಬಕ್ಲಿಂಗ್ ಭಾರ ಹತ್ತಿರವಾದ ಹಾಗೆಲ್ಲ ಪಟ್ಟಿಯ ಸ್ವರ ಇಳಿಯುತ್ತಾ ಬರುತ್ತೆ. ಇಳಿಯುವ ರೀತಿ ಮೋಸದ್ದು. 40 ಹರ್ಟ್ಸಿನ ಪಟ್ಟಿಗೆ ಬಕ್ಲಿಂಗ್ ಭಾರದ ಅರ್ಧ ಹೇರು, ಇನ್ನೂ 28 ಇರುತ್ತೆ, ಪರವಾಗಿಲ್ಲ ಅನ್ನಿಸುತ್ತೆ. ಮುಕ್ಕಾಲು ಹೇರು, 20. ಅಲ್ಲಿಂದ ಮುಂದೆ ಜಾರುಬಂಡೆ. ಮನುಷ್ಯರ ಕಿವಿಗೆ ಕೇಳುವುದು ಹೆಚ್ಚುಕಡಿಮೆ 20 ಹರ್ಟ್ಸಿನಿಂದ ಮೇಲೆ. ಅಂದರೆ ನಿಜವಾದ ಅಪಾಯ ಶುರುವಾಗುವ ಹೊತ್ತಿಗೆ ಆ ಸ್ವರ ಕಿವಿಗೆ ಸಿಗದ ಕಡೆ ಹೋಗಿರುತ್ತೆ. ಬೀಳುವ ಮರ ಲಟಲಟ ಅನ್ನುತ್ತೆ, ಬಾಗಲಿರುವ ಹಲಗೆ ಮೆತ್ತಗಾಗಿ ಸುಮ್ಮನಾಗುತ್ತೆ. ಅದಕ್ಕೇ ಸೆನ್ಸರ್ ಅಂಟಿಸುವುದು.

ಹಾಗಾದರೆ ಸೊನ್ನೆಗೆ ಯಾಕೆ ಬರಲಿಲ್ಲ? ನಿನ್ನ ಪಟ್ಟಿ ಹುಟ್ಟಿನಿಂದಲೇ ನೆಟ್ಟಗಿಲ್ಲ, ಅದಕ್ಕೆ. ನೆಟ್ಟಗಿರುವುದು ಪುಸ್ತಕದ ಪಟ್ಟಿ ಮಾತ್ರ. ಒಲೆಯಿಂದ ಬಂದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಡೊಂಕು ಇದ್ದೇ ಇರುತ್ತೆ. ಒತ್ತಿದ ಹಾಗೆ ಆ ಡೊಂಕು ಬೆಳೆದು ಕಮಾನಾಗುತ್ತೆ, ಕಮಾನಿಗೆ ತನ್ನದೇ ಬಿಗಿ ಇದೆ, ಸ್ವರ ಮತ್ತೆ ಏರುತ್ತೆ. ನೀನು ಕಂಡದ್ದು ಅದು. ಏರಿದ ಭಾಗವನ್ನು ತಪ್ಪು ಅಂತ ಅಳಿಸಬೇಡ. ಫ್ರೀಕ್ವೆನ್ಸಿಯ ವರ್ಗವನ್ನು ಒಂದು ಕಡೆ, ಭಾರವನ್ನು ಇನ್ನೊಂದು ಕಡೆ ಇಟ್ಟು ಗ್ರಾಫ್ ಎಳೆ. ಮೊದಲರ್ಧದ ಚುಕ್ಕಿಗಳು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಕೂರುತ್ತವೆ. ಆ ಗೆರೆಯನ್ನು ಸ್ಕೇಲಿಟ್ಟು ಮುಂದುವರಿಸಿ ಎಲ್ಲಿ ನೆಲ ಮುಟ್ಟುತ್ತೆ ನೋಡು, ಅದೇ ಬಕ್ಲಿಂಗ್ ಭಾರ. ಪಟ್ಟಿಯನ್ನು ಮುರಿಯದೆ ಸಿಕ್ಕ ಉತ್ತರ!

ಡೊಂಕು ಎಲ್ಲಿಂದ ಬಂತು ಅನ್ನುವುದಕ್ಕೆ ನಮ್ಮ ಹಪ್ಪಳ ನೋಡು. ಒಂದು ಮುಖ ಮಾತ್ರ ಬಿಸಿಲಿಗೆ ಒಣಗಿದರೆ ಸುರುಟಿಕೊಳ್ಳುತ್ತೆ, ಅದಕ್ಕೇ ಮಗುಚಿ ಹಾಕುವುದು. ನಾರಿನ ಪದರಗಳನ್ನು ಒಂದರ ಮೇಲೊಂದು ಹಾಸಿದ ಲ್ಯಾಮಿನೇಟ್ ಕೂಡ ಹಾಗೆ. 180 ಡಿಗ್ರಿಯಲ್ಲಿ ಬೆಂದು ತಣ್ಣಗಾಗುವಾಗ ಪ್ರತಿ ಪದರವೂ ತನ್ನ ನಾರಿನ ದಿಕ್ಕು ನೋಡಿಕೊಂಡು ಕುಗ್ಗುತ್ತೆ. ಮಧ್ಯದ ಗೆರೆಯಿಂದ ಮೇಲೂ ಕೆಳಗೂ ಪದರಗಳು ಕನ್ನಡಿ ಹಿಡಿದ ಹಾಗೆ ಒಂದೇ ಇದ್ದರೆ ಸರಿ. ಒಂದು ಪದರವನ್ನು +45 ಡಿಗ್ರಿ ಕೋನದ ಬದಲು -45ಕ್ಕೆ ಹಾಸಿದರೆ ತಣ್ಣಗಾದ ಮೇಲೆ ತಿರುಚಿಕೊಂಡು ಎದ್ದು ಬರುತ್ತೆ. ಹಾಸುವಾಗ ಒಬ್ಬಳೇ ಇರಬೇಡ. ಒಬ್ಬರು ಕೋನ ಕೂಗಬೇಕು, ಇನ್ನೊಬ್ಬರು ಟಿಕ್ ಹಾಕಬೇಕು.

ಟೆಸ್ಟಿಗೆ ಮುಂಚೆ ಒಂದು ನಾಣ್ಯ ತಗೊಂಡು ಹಲಗೆಯ ಉದ್ದಗಲಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗು. ಟಣ್, ಟಣ್, ಟಣ್ ಅನ್ನುತ್ತಿದ್ದದ್ದು ಒಂದು ಕಡೆ ದಪ್ ಅಂದರೆ ಅಲ್ಲಿ ಪದರ ಬಿಟ್ಟುಕೊಂಡಿದೆ. ಯಾರದೋ ಕೈಯಿಂದ ಸ್ಪ್ಯಾನರ್ ಬಿದ್ದಿರಬಹುದು, ಮೇಲೆ ಸಾಸಿವೆಯಷ್ಟು ಗುರುತೂ ಕಾಣದೆ ಒಳಗೆ ಅಂಗೈಯಗಲ ಬಿಟ್ಟಿರುತ್ತೆ. ದಪ್ಪ ಅರ್ಧವಾದರೆ ಬಾಗದೆ ನಿಲ್ಲುವ ಶಕ್ತಿ ಎಂಟರಲ್ಲಿ ಒಂದು ಪಾಲು. ಬಿಟ್ಟುಕೊಂಡ ತೆಳು ಪದರ ಒತ್ತಡಕ್ಕೆ ಮೊದಲು ಉಬ್ಬುತ್ತೆ, ಪಕ್ಕದ ಬಿರುಕನ್ನು ಇನ್ನಷ್ಟು ಸೀಳುತ್ತೆ. ವಿಮಾನದ ಕೆಲಸದವರು ಎಷ್ಟೋ ಯಂತ್ರ ಬಂದ ಮೇಲೂ ನಾಣ್ಯ ಬಿಟ್ಟಿಲ್ಲ.

ಮುಂದಿನ ವರ್ಷ ಸದ್ದಿನ ಕೆಲಸಕ್ಕೆ ಕೈ ಹಾಕುತ್ತೀನಿ ಅಂದೆ. ಒಂದು ಮಾತು ನೆನಪಿಡು: ಹೆಚ್ಚು ನಡುಗಿದ್ದೆಲ್ಲ ಹೆಚ್ಚು ಸದ್ದು ಮಾಡುವುದಿಲ್ಲ. ಕ್ಲಾಡ್ನಿ 1787ರಲ್ಲಿ ಹಲಗೆಯ ಮೇಲೆ ಮರಳು ಉದುರಿಸಿ ಕಂಪನದ ಚಿತ್ತಾರ ತೋರಿಸಿದ. ಅಂಥ ಚಿತ್ತಾರದಲ್ಲಿ ಹಲಗೆಯ ಒಂದು ಅರ್ಧ ಮೇಲೆದ್ದಾಗ ಇನ್ನೊಂದರ್ಧ ಇಳಿದರೆ, ಈಚೆ ದೂಡಿದ ಗಾಳಿಯನ್ನು ಆಚೆ ಎಳೆದುಕೊಳ್ಳುತ್ತೆ. ನಡುಕ ಜೋರು, ಸದ್ದು ಪೀಚು. ಹಲಗೆಯಲ್ಲಿ ಓಡುವ ಅಲೆಯ ವೇಗ ಗಾಳಿಯಲ್ಲಿ ಶಬ್ದದ ವೇಗಕ್ಕೆ ಸಮವಾದಾಗ ಅಥವಾ ಅದನ್ನು ಮೀರಿದಾಗ ಮಾತ್ರ ಸದ್ದು ಸಲೀಸಾಗಿ ಹೊರಬೀಳುತ್ತೆ. 1 ಮಿಲಿಮೀಟರ್ ಅಲ್ಯೂಮಿನಿಯಂ ತಗಡಿಗೆ ಎರಡೂ ವೇಗ ಸಮವಾಗುವ ಆ ಸ್ವರ ಸುಮಾರು 12,000 ಹರ್ಟ್ಸ್. ಜೇನುಗೂಡಿನ ತಿರುಳಿಟ್ಟ ಹಗುರ, ಬಿಗಿ ಹಲಗೆಗೆ ಎಷ್ಟೋ ಕೆಳಗೆ, ನಾವು ಮಾತಾಡುವ ಸ್ವರದ ಆಸುಪಾಸಿಗೇ ಬಂದುಬಿಡಬಹುದು. ಹಗುರ ಮಾಡಿ ಭಾರ ಉಳಿಸಿದವರು ಗದ್ದಲ ತಡೆಯಲು ಹೊದಿಕೆ ಹಾಕಿ ಅದರಲ್ಲಿ ಒಂದಿಷ್ಟನ್ನು ವಾಪಸ್ ಕೊಡಬೇಕಾಗುತ್ತೆ. ಇನ್ನೊಂದು ಮಾತು: ಭಾರ ಹೇರಿದಾಗ ಒಂದೊಂದು ಸ್ವರ ಒಂದೊಂದು ವೇಗದಲ್ಲಿ ಇಳಿಯುತ್ತೆ, ಕೆಲವು ಒಂದನ್ನೊಂದು ದಾಟಿ ಸಾಲೇ ಅದಲುಬದಲಾಗುತ್ತೆ. ಅಂಕಿ ನೋಡಿ ಹೆಸರಿಡಬೇಡ, ಚಿತ್ತಾರ ನೋಡಿ ಹೆಸರಿಡು.

ಗೈಡ್ ಹತ್ತಿರ 33 ಅಂತಲೇ ಹೇಳು. ಜೊತೆಗೆ ಹಿಡಿಕೆಯ ಫೋಟೊ, ಬೋಲ್ಟ್ ಎಷ್ಟು ಬಿಗಿದೆ ಅನ್ನುವ ಲೆಕ್ಕ, ಅಳೆದ ಹೊತ್ತು, ನಾಣ್ಯ ದಪ್ ಅಂದ ಜಾಗ ಇಷ್ಟನ್ನೂ ಒಂದೇ ಹಾಳೆಯಲ್ಲಿ ತಗೊಂಡು ಹೋಗು. ಬೈದರೆ ಬೈಸಿಕೊ.

ನಾಳೆ ಬೆಳಿಗ್ಗೆ ಲ್ಯಾಬ್ ತಂಪಾಗಿರುವಾಗಲೇ ಬೋಲ್ಟ್ ಬಿಗಿದು ಒಂದು ಸಲ ತಟ್ಟು. ಎಷ್ಟು ಬಂತು ಅಂತ ರಾತ್ರಿ ಫೋನ್ ಮಾಡು. 36 ಬಂದಿದ್ದರೆ ನಿಮ್ಮ ದೊಡ್ಡಮ್ಮನಿಗೆ ಹೋಳಿಗೆ ಮಾಡಲು ಹೇಳುತ್ತೀನಿ. 33ರಲ್ಲೇ ಕೂತಿದ್ದರೆ ನಾನೇ ಸ್ಪ್ಯಾನರ್ ಹಿಡಿದು ಬಸ್ ಹತ್ತುತ್ತೀನಿ.

ನಿನ್ನ ದೊಡ್ಡಪ್ಪ