ಬಿ.ಎಚ್. ರಸ್ತೆಯ ಕೊನೆಯಲ್ಲಿ ಕಾಂಡ್ಲಾ ಕಾಡು

ಗೆಳೆಯರೇ, ಗುಬ್ಬಿಯಲ್ಲೂ ತುಮಕೂರಿನಲ್ಲೂ ಬಿ.ಎಚ್. ರಸ್ತೆ ಯಾರಿಗೆ ಗೊತ್ತಿಲ್ಲ? ಆದರೆ ಬಿ.ಎಚ್. ಅಂದರೆ ಏನು ಎಂದು ಕೇಳಿದರೆ ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ. ಬೆಂಗಳೂರು-ಹೊನ್ನಾವರ! ಶಾಲಾ ಪ್ರವಾಸದಲ್ಲಿ ನಾವು ಅದೇ ರಸ್ತೆ ಹಿಡಿದು ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿ, ಜೋಗ ನೋಡಿ, ಘಟ್ಟ ಇಳಿದು ಹೊನ್ನಾವರ ಮುಟ್ಟಿದೆವು. ಪಕ್ಕದ ಕಾಸರಕೋಡಿನ ಕಡಲತೀರಕ್ಕೆ ಶುಚಿತ್ವ, ಸುರಕ್ಷತೆಗಾಗಿ ಕೊಡುವ ನೀಲಿ ಬಾವುಟ 2020ರಲ್ಲಿ ಸಿಕ್ಕಿದೆ. ಅಲ್ಲಿ ನೀರಾಟ ಆಡಿದ ಕಥೆ ಎಲ್ಲರ ಬಾಯಲ್ಲೂ ಇದೆ, ನಾನು ಬರೆಯುವುದಿಲ್ಲ. ನನ್ನ ವಿಷಯ ಕಾಂಡ್ಲಾ ಕಾಡು.

ಜೋಗದಲ್ಲಿ ಧುಮುಕಿದ ಅದೇ ಶರಾವತಿ ಇಲ್ಲಿ ಸಮುದ್ರ ಸೇರುತ್ತದೆ. ಆ ಅಳಿವೆಯ ಹತ್ತಿರ ಅರಣ್ಯ ಇಲಾಖೆಯವರು ಕಾಡಿನ ನಡುವೆ ಮರದ ಹಲಗೆಯ ಕಾಲುದಾರಿ ಮಾಡಿದ್ದಾರೆ. ಕೆಳಗೆ ಕಪ್ಪು ಕೆಸರು. ದಿನಕ್ಕೆ 2 ಸಲ ಉಬ್ಬರದಲ್ಲಿ ಉಪ್ಪುನೀರು ಏರುತ್ತದೆ, ಇಳಿತದಲ್ಲಿ ಇಳಿಯುತ್ತದೆ. ನಮ್ಮ ಹೊಲಕ್ಕೆ ಬೋರ್‌ವೆಲ್‌ನ ಸವಳು ನೀರು ಬಿಟ್ಟರೇ ಗಿಡ ಸೊರಗುತ್ತೆ. ಇವು ಹೇಗೆ ಬದುಕುತ್ತವೆ? ಕಾಂಡ್ಲಾದ ಬೇರೇ ನೀರನ್ನು ಸೋಸಿ ಬಹುಪಾಲು ಉಪ್ಪನ್ನು ಹೊರಗೇ ಬಿಡುತ್ತದೆ. ಅಲ್ಲೇ ಬೆಳೆಯುವ ಇನ್ನೊಂದು ಜಾತಿ ಎಲೆಯಿಂದ ಉಪ್ಪು ಹೊರಹಾಕುತ್ತದೆ, ನೆಕ್ಕಿದರೆ ಉಪ್ಪುಪ್ಪು! ಕೆಸರಿನೊಳಗೆ ಗಾಳಿ ಸಾಲದೆ ಅದರ ಬೇರುಗಳು ಪೆನ್ಸಿಲ್ ನೆಟ್ಟ ಹಾಗೆ ಮೇಲೆದ್ದು ಉಸಿರಾಡುತ್ತವೆ. ತುಳಿದರೆ ಮುರಿಯುತ್ತವೆ. ಅದಕ್ಕೇ ಹಲಗೆಯಿಂದ ಕೆಳಗೆ ಇಳಿಯಬಾರದು.

ನಾನು ಇಳಿಯಲಿಲ್ಲ. ಆದರೆ ಬೇರೆ ತಪ್ಪು ಮಾಡಿದೆ. ಕೈಗೆಟುಕುವ ಕೊಂಬೆಯಲ್ಲಿ ನುಗ್ಗೆಕಾಯಿಯಂಥ ಹಸಿರು ಕಾಯಿ ನೇತಾಡುತ್ತಿತ್ತು. ಪಟ್ ಅಂತ ಕಿತ್ತೆ. ಅಲ್ಲಿದ್ದ ಮೀನುಗಾರ ಅಜ್ಜ ಒಬ್ಬರು, “ಎಂತ ಮಾಡಿದೆ ತಮಾ? ಅದು ಕಾಯಿ ಅಲ್ಲ, ಗಿಡವೇ” ಅಂದರು. ನನಗೆ ನಗು ಬಂತು. ಅವರು ನಗಲಿಲ್ಲ.

ನಾವು ತೆಂಗಿನ ಸೀಮೆಯವರು. ಕಾಯಿ ಬಲಿತು ಬಿದ್ದ ಮೇಲೆ ಮೊಳಕೆಗೆ ತಿಂಗಳುಗಟ್ಟಲೆ ಕಾಯಬೇಕು. ಕಾಂಡ್ಲಾ ಬೀಜ ಮಾತ್ರ ತಾಯಿಮರದ ಮೇಲೇ ಮೊಳೆತು ಉದ್ದ ಬೆಳೆಯುತ್ತದೆ. ಬಲಿತಾಗ ತಾನೇ ಕಳಚುತ್ತದೆ. ಇಳಿತವಿದ್ದರೆ ಕೆಸರಿನಲ್ಲೇ ನಾಟಿಕೊಳ್ಳಬಹುದು, ಉಬ್ಬರವಿದ್ದರೆ ತೇಲಿಹೋಗಿ ಬೇರೆ ಕಡೆ ಬೇರು ಬಿಡುತ್ತದೆ. “ಇದನ್ನ ನೆಟ್ಟರೆ ಬರುತ್ತಾ ಅಜ್ಜ?” ಅಂತ ಕೇಳಿದೆ. “ಎಳೆದು. ಬರೂದಿಲ್ಲ” ಅಂದರು.

ಆ ಬೇರುಗಳ ಸಂದಿಯಲ್ಲೇ ಮೀನು, ಸಿಗಡಿ, ಏಡಿಗಳ ಮರಿಗಳು ಬೆಳೆಯುವುದು. ಕಾಂಡ್ಲಾ ಹೋದರೆ ನಮ್ಮ ಬಲೆಗೆ ಎಂತ ಬರ್ತದೆ ಎಂದು ಅಜ್ಜ ಕೇಳಿದರು. ನದಿದಂಡೆಯ ಮಣ್ಣನ್ನು ಹಿಡಿದಿಡುವುದೂ ಇದೇ ಬೇರು. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲೇ ಈ ಕಾಡಿಗೆ ರಕ್ಷಣೆ ಸಿಕ್ಕಿತ್ತು ಎಂದು ಬಸ್ಸಿನಲ್ಲಿ ಮೇಷ್ಟ್ರು ಹೇಳಿದರು. ಆಗ ನಾನು ಕಿಟಕಿ ಕಡೆ ಮುಖ ಮಾಡಿ ಕೂತಿದ್ದೆ.

“ಕಿತ್ತಾಯ್ತಲ್ಲ, ತಕೊಂಡು ಹೋಗಿ ನಿನ್ನ ದೋಸ್ತರಿಗೆ ತೋರಿಸು” ಅಂತ ಅಜ್ಜನೇ ಕೊಟ್ಟು ಕಳಿಸಿದ್ದರು. ಈಗ ಒಣಗಿ ಕಂದುಬಣ್ಣವಾಗಿದೆ. ವಿಜ್ಞಾನದ ಮೇಷ್ಟ್ರ ಬೀರುವಿನಲ್ಲಿದೆ, ನೋಡುವವರು ಕೇಳಿ ನೋಡಿ.

– 9ನೇ ತರಗತಿ ವಿದ್ಯಾರ್ಥಿ