ಕಾಯುವವನ ಕೆಲಸ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ನಮ್ಮ ಸಭೆಗಳ ಹುಡುಗ ಹುಡುಗಿಯರೇ, ನಿಮಗೊಂದು ಮಾತು ಹೇಳುವುದಿದೆ. ಕಾಲೇಜಿನಲ್ಲಿ ಜೊತೆಯವರು ರೇಗಿಸುತ್ತಾರಂತಲ್ಲ, "ನಿಮ್ಮ ದೇವರು ಕುರಿ ಕಾಯೋನು, ನೀವೆಲ್ಲ ಕುರಿಗಳು" ಅಂತ. ಅದಕ್ಕೆ ಮುಖ ಊದಿಸಿಕೊಳ್ಳಬೇಡಿ. ಹೌದು ಕಣಪ್ಪ, ಸರಿಯಾಗೇ ಹೇಳಿದೆ ಅನ್ನಿ. ಆಮೇಲೆ ಅವನ ಮನೆದೇವರು ಯಾರು ಅಂತ ಕೇಳಿ. ಬೀರಪ್ಪನೇ ಆಗಿದ್ದರೂ ಆದೀತು. ಜಗಳೂರು, ಚಿತ್ರದುರ್ಗದ ಕಡೆಯ ಕಾಡುಗೊಲ್ಲರ ಹುಡುಗನಾದರೆ ಜುಂಜಪ್ಪನ ಹೆಸರು ಹೇಳಿಯಾನು. ನ್ಯಾಮತಿಯ ಸೂರಗೊಂಡನಕೊಪ್ಪಕ್ಕೆ ಲಂಬಾಣಿ ಜನ ದೂರದೂರದಿಂದ ಬರುವುದೂ ದನ ಕಾಯುತ್ತ ಬೆಳೆದ ಸೇವಾಲಾಲರ ನೆನಪಿಗೇ. ಈ ಸೀಮೆಯಲ್ಲಿ ಕಾಯುವವನನ್ನು ದೇವರೆಂದು ಕಂಡವರು ನಾವು ಮೊದಲಿಗರಲ್ಲ, ನಾವಷ್ಟೇ ಅಲ್ಲ.

ಆದರೆ ಹೌದು ಅನ್ನುವ ಮೊದಲು ಕುರಿ ಕಾಯುವ ಕೆಲಸ ಎಂಥದೆಂದು ನಿಮಗೆ ಗೊತ್ತಿರಬೇಕು. ದೇವಾಲಯದ ಗೋಡೆಯ ಪಟದಿಂದ ಅದು ತಿಳಿಯುವುದಿಲ್ಲ. ಅಲ್ಲಿ ಬಿಳಿ ನಿಲುವಂಗಿ, ತೊಳೆದು ಬಾಚಿದಂಥ ಮರಿ, ಸುತ್ತ ಹಸಿರು ಹುಲ್ಲು. ಮರಿಯನ್ನು ಹೆಗಲ ಮೇಲೆ ಹೊತ್ತವನ ಚಿತ್ರ ಬಹಳ ಹಳೆಯದು, ನಿಜ. ರೋಮಿನ ನೆಲಮಾಳಿಗೆಯ ಸಮಾಧಿಗಳಲ್ಲಿ 3ನೇ ಶತಮಾನದಲ್ಲೇ ನಮ್ಮವರು ಅದನ್ನು ಬರೆದಿದ್ದರು. ಅಷ್ಟಕ್ಕೆ ನಿಲ್ಲಬೇಡಿ. ಭತ್ತದ ಕೊಯ್ಲು ಮುಗಿದ ಮೇಲೆ ಭದ್ರಾ ಕಾಲುವೆಯ ಬಯಲಿಗೆ ಒಣಸೀಮೆಯ ಮಂದೆಗಳು ಬರುತ್ತವಲ್ಲ, ಅಲ್ಲಿಗೆ ಹೋಗಿ ಒಂದು ರಾತ್ರಿ ಕೂತುಕೊಳ್ಳಿ.

ಹೊಲದವನಿಗೆ ಗೊಬ್ಬರ ಬೇಕು, ಮಂದೆಯವರಿಗೆ ಮೇವು ಬೇಕು. ದುಡ್ಡೋ ದವಸವೋ ಮಾತಾಡಿಕೊಂಡು ರಾತ್ರಿ ಹೊಲದಲ್ಲಿ ಕುರಿ ತರುಬುತ್ತಾರೆ. ಸುತ್ತ ಬಲೆ ಕಟ್ಟಿ, ಪಕ್ಕದಲ್ಲಿ ಕಂಬಳಿ ಹಾಸಿ ಮಲಗುತ್ತಾರೆ. ಮಲಗುತ್ತಾರೆ ಅಂದೆನಲ್ಲ, ಅದು ಮಾತಿಗೆ. ನಾಯಿ ಬೊಗಳಿದರೆ ಏಳಬೇಕು, ಮಳೆ ಹನಿದರೆ ಏಳಬೇಕು, ಕುರಿ ಈದರೆ ಏಳಬೇಕು. ಬಯಲುಸೀಮೆಯ ತೋಳ ಇನ್ನೂ ಕಥೆಯಾಗಿಲ್ಲ. ಅದರ ಜೊತೆಗೆ ಈಗ ವಾಹನ ತಂದು ಕುರಿ ತುಂಬಿಕೊಂಡು ಹೋಗುವ ಕಳ್ಳರೂ ಇದ್ದಾರೆ. ಬೆಳಗಾದರೆ ಕುಂಟುವುದನ್ನು ಹಿಡಿದು ಗೊರಸು ನೋಡಬೇಕು, ತಾಯಿ ಹತ್ತಿರ ಸೇರಿಸದ ಮರಿಗೆ ಹಾಲು ಕುಡಿಸಬೇಕು, ಗಳದ ತುದಿಗೆ ಕುಡುಗೋಲು ಕಟ್ಟಿ ಸೊಪ್ಪು ಇಳಿಸಬೇಕು. ಹಿರೇಬೇನೆ ಹೊಕ್ಕರೆ ಮಂದೆಗೆ ಮಂದೆಯೇ ಮಲಗುತ್ತದೆ. ದಾವೀದ ತನ್ನ 23ನೇ ಕೀರ್ತನೆ ಬರೆದದ್ದು ಈ ಕೆಲಸ ಗೊತ್ತಿದ್ದವನಾಗಿ. ಹುಲ್ಲು ನೀರಿನ ಮಾತಾದ ಮೇಲೆ ಕತ್ತಲ ಕಣಿವೆಯೂ ಬರುತ್ತದೆ ನೋಡಿ.

ಕುರಿ ದಡ್ಡ ಪ್ರಾಣಿ ಅನ್ನುವುದನ್ನೂ ನಂಬಬೇಡಿ. ಒಂದು ಕುರಿ ಇತರ 50 ಕುರಿಗಳ ಮುಖವನ್ನು ಎರಡು ವರ್ಷಕ್ಕೂ ಮೀರಿ ನೆನಪಿಡುತ್ತದೆಂದು ಇಂಗ್ಲೆಂಡಿನ ಕೀತ್ ಕೆಂಡ್ರಿಕ್ ಮತ್ತು ಸಂಗಡಿಗರು 2001ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಕಾಯುವವನ ದನಿಗೆ ತಲೆ ಎತ್ತಿ, ಬೇರೆಯವನು ಕೂಗಿದರೆ ಮೇಯುತ್ತಲೇ ಇರುವ ಕುರಿಯನ್ನು ನೀವೇ ನೋಡಬಹುದು. ಯೋಹಾನನ ಸುವಾರ್ತೆಯ 10ನೇ ಅಧ್ಯಾಯ ಹೇಳುವುದೂ ಅದನ್ನೇ. ಅಂದಮೇಲೆ ಕುರಿಯಾಗುವುದೆಂದರೆ ಕೂಗಿದವರ ಹಿಂದೆಲ್ಲ ಓಡುವುದಲ್ಲ.

ಯೇಸು ಹೇಳಿದ ಕಥೆಯ ಕುರುಬ ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಕಳೆದುಹೋದ ಒಂದನ್ನು ಹುಡುಕಲು ಹೋದರೆ ಉಳಿದವುಗಳ ಗತಿಯೇನು ಅಂತ ನೀವು ಕೇಳುತ್ತೀರಿ. ಒಳ್ಳೆಯ ಪ್ರಶ್ನೆ. ಲೂಕನು ಅದಕ್ಕೆ ಉತ್ತರ ಬರೆದಿಲ್ಲ. ಮಂದೆಯವರನ್ನು ಕೇಳಿದರೆ ನಕ್ಕಾರು. ವಲಸೆ ಹೊರಟ ಮಂದೆಯ ಜೊತೆ ಒಬ್ಬನೇ ಇರುತ್ತಾನೆಯೇ? ಅಣ್ಣ ಇರುತ್ತಾನೆ, ಅಳಿಯ ಇರುತ್ತಾನೆ, ಒಲೆಯ ಮುಂದೆ ಹೆಂಗಸರಿರುತ್ತಾರೆ. ಒಬ್ಬ ಹುಡುಕಲು ಹೋದರೆ ಉಳಿದವರು ನೋಡಿಕೊಳ್ಳುತ್ತಾರೆ. ನಮ್ಮಂಥ ಚಿಕ್ಕ ಸಭೆಯಲ್ಲಿ ಉಳಿದವರು ಮಾಡಬೇಕಾದ ಕೆಲಸವೂ ಇದೇ.

ಇನ್ನೊಂದು ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಇಷ್ಟೆಲ್ಲ ಕಾದು ಸಾಕಿದವನು ಕೊನೆಗೆ ಮಾರುವುದು ಯಾರಿಗೆ? ಕಟುಕನಿಗೆ. ಜಾತ್ರೆಗೆ, ಬಕ್ರೀದಿಗೆ, ನಮ್ಮದೇ ಕ್ರಿಸ್ಮಸ್ ಊಟಕ್ಕೆ. ಅದು ಅವನ ಹೊಟ್ಟೆಪಾಡು, ತಪ್ಪೇನಿಲ್ಲ. ಆದರೆ ಕುರಿಗಾಗಿ ತಾನು ಸಾಯುವ ಕುರುಬನನ್ನು ಯಾವ ಸಂತೆಯಲ್ಲೂ ಕಾಣೆವು. ಯೇಸು ತಾನು ಒಳ್ಳೆಯ ಕುರುಬನೆಂದು ಹೇಳಿ ಪ್ರಾಣ ಕೊಡುವ ಮಾತಾಡಿದಾಗ ಕೇಳುತ್ತಿದ್ದವರು ಬೆಚ್ಚಿರಬೇಕು. ಕೆಲವರು ಅವನಿಗೆ ಹುಚ್ಚು ಅಂದರೆಂದು ಅದೇ ಅಧ್ಯಾಯದಲ್ಲಿದೆ.

ನಿಮಗೆ ನಾನು ಒತ್ತಿ ಹೇಳುವುದು ಯೆಹೆಜ್ಕೇಲನ 34ನೇ ಅಧ್ಯಾಯವನ್ನು. ಸಮಾಧಾನ ಬೇಕಾದಾಗ ಎಲ್ಲರೂ ಕೀರ್ತನೆ ಓದುತ್ತಾರೆ, ಇದನ್ನು ಓದುವವರು ಕಡಿಮೆ. ಕೊಬ್ಬಿದ್ದನ್ನು ಕೊಯ್ದು ತಿಂದು, ಉಣ್ಣೆ ಹೊದ್ದು, ಗಾಯಗೊಂಡದ್ದಕ್ಕೆ ಪಟ್ಟಿ ಕಟ್ಟದ ಕುರುಬರ ಮೇಲೆ ದೇವರು ಸಿಟ್ಟಾಗುವ ಭಾಗ ಅದು. ಸೆಪ್ಟೆಂಬರ್ 8ರ ಆರೋಗ್ಯಮಾತೆಯ ಹಬ್ಬಕ್ಕೆ ಹರಿಹರಕ್ಕೆ ಹೋಗುತ್ತೀರಲ್ಲ, ಬಿಷಪರು ಹಿಡಿಯುವ ತುದಿ ಬಾಗಿದ ಕೋಲು ಕುರುಬನ ಕೋಲು. 2013ರಲ್ಲಿ ಪೋಪ್ ಫ್ರಾನ್ಸಿಸ್ ತಮ್ಮ ಪಾದ್ರಿಗಳ ಮೈಯಲ್ಲಿ ಕುರಿಯ ವಾಸನೆ ಇರಬೇಕೆಂದರು. ಓಟು ಕೇಳಿ ಬರುವವರಿಗೂ ಪ್ರಸಂಗ ಮಾಡಿ ಕಾಣಿಕೆ ಎತ್ತುವವರಿಗೂ ಅದೇ ಪರೀಕ್ಷೆ ಇಡಿ. ನಾಳೆ ನೀವು ನರ್ಸೋ ಮೇಷ್ಟ್ರೋ ಹಾಸ್ಟೆಲ್ ವಾರ್ಡನ್ನೋ ಆದಾಗ ನಿಮ್ಮ ಮೈಯನ್ನೂ ಮೂಸಿ ನೋಡಿಕೊಳ್ಳಿ.

ಈ ಸಲ ಮಂದೆಯವರು ಬಂದಾಗ ಬರಿಗೈಲಿ ಹೋಗಬೇಡಿ. ಅವರಿಗೆ ಈ ಊರು ಹೊಸದು. ಪಶು ಆಸ್ಪತ್ರೆ ಎಲ್ಲಿದೆ, ಯಾವ ತೋಟಕ್ಕೆ ಔಷಧಿ ಹೊಡೆದಿದ್ದಾರೆ, ಯಾವ ಕಟ್ಟೆಯ ನೀರು ಒಳ್ಳೆಯದು ಅಂತ ನಿಮಗೆ ಗೊತ್ತಿರುತ್ತದೆ, ತಿಳಿಸಿ. ಕುರಿ ಬೆಳೆಗೆ ಬಾಯಿ ಹಾಕಿತೆಂದು ಯಾರಾದರೂ ಅವರ ಮೇಲೆ ಕೈ ಮಾಡಲು ಬಂದರೆ ನಡುವೆ ನಿಲ್ಲಿ.